ಗೋಧಿ ಬಿಟ್ಟರೆ ಜೇಬಿಗೇಕೆ ಕತ್ತರಿ?

‘ಇನ್ನು ಮೇಲೆ ಗೋಧಿ ಮುಟ್ಟಬೇಡಿ’ ಎಂದು ವೈದ್ಯರು ಹೇಳಿದ ದಿನವೇ ಎಷ್ಟೋ ಮನೆಯವರು ಸೂಪರ್‌ಮಾರ್ಕೆಟ್ಟಿಗೆ ಹೋಗುತ್ತಾರೆ. ‘ಗ್ಲುಟೆನ್ ಫ್ರೀ’ ಎಂದು ಬರೆದ ಬ್ರೆಡ್ಡು, ಬಿಸ್ಕತ್ತು, ಪಾಸ್ತಾ, ಚಪಾತಿ ಹಿಟ್ಟು ಎಲ್ಲವೂ ಅಲ್ಲಿ ಸಿಗುತ್ತವೆ, ಆದರೆ ಬೆಲೆ ಮಾಮೂಲಿ ಸರಕಿಗಿಂತ ಎಷ್ಟೋ ಹೆಚ್ಚು. ‘ಈ ಪಥ್ಯ ನಮ್ಮಂಥವರ ಕೈಲಾಗದು’ ಎಂಬ ತೀರ್ಮಾನ ಅಲ್ಲೇ ಆಗಿಬಿಡುತ್ತದೆ.

ಆ ಕಪಾಟಿನಲ್ಲಿರುವುದು ಗೋಧಿ ತಿಂಡಿಗಳ ನಕಲು. ಗೋಧಿಯಿಲ್ಲದೆ ಬ್ರೆಡ್ಡನ್ನು ಬ್ರೆಡ್ಡಿನಂತೆ ಉಬ್ಬಿಸಲು ಹತ್ತಾರು ಪದಾರ್ಥ ಬೇಕು, ಆ ಖರ್ಚು ಗಿರಾಕಿಯ ತಲೆಗೇ ಬರುತ್ತದೆ. ಮೊದಲಿಂದಲೂ ಗೋಧಿಯ ಹಂಗಿಲ್ಲದ ಅಡುಗೆಗೆ ಈ ಖರ್ಚಿಲ್ಲ. ಮುದ್ದೆ, ಜೋಳದ ರೊಟ್ಟಿ, ಅಕ್ಕಿ ರೊಟ್ಟಿ, ನೀರ್‌ದೋಸೆ, ಪುಂಡಿ, ಕಡುಬು, ಇಡ್ಲಿ, ಒತ್ತು ಶ್ಯಾವಿಗೆ, ಅವಲಕ್ಕಿ, ಮಂಡಕ್ಕಿ... ಕರ್ನಾಟಕದ ಯಾವ ಮೂಲೆಗೆ ಹೋದರೂ ದಿನದ ಊಟ ಇವುಗಳ ಸುತ್ತಲೇ ನಡೆಯುತ್ತದೆ. ಹಾಗಾಗಿ ನಕಲಿಗೆ ದುಡ್ಡು ಸುರಿಯುವುದನ್ನು ಬಿಟ್ಟು, ಕಣ್ಣಿಗೆ ಕಾಣದ ಗೋಧಿಯನ್ನು ಹೊರಗಿಡುವ ಕಡೆಗೂ ತಟ್ಟೆಯಲ್ಲಿ ಸತ್ವ ತುಂಬುವ ಕಡೆಗೂ ಗಮನ ಕೊಟ್ಟರೆ ಈ ಪಥ್ಯ ಬಡವರ ಮನೆಯಲ್ಲೂ ನಡೆಯುತ್ತದೆ.

ಮೊದಲು ಪರೀಕ್ಷೆ, ಆಮೇಲೆ ಪಥ್ಯ

ಗ್ಲುಟೆನ್ ಎಂಬುದು ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಪ್ರೋಟೀನು. ನಾದಿದ ಹಿಟ್ಟಿಗೆ ಜಿಗುಟು ಕೊಡುವುದು, ಲಟ್ಟಿಸಿದ ಚಪಾತಿ ಹರಿಯದಂತೆ ಹಿಡಿದಿಡುವುದು ಅದೇ. ಸೀಲಿಯಾಕ್ ಕಾಯಿಲೆ ಇರುವವರ ಹೊಟ್ಟೆಗೆ ಅದು ಹೋದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ತಿರುಗಿಬಿದ್ದು ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ತಿಂದದ್ದು ಮೈಗೆ ಹತ್ತುವುದಿಲ್ಲ. ಭೇದಿ, ಹೊಟ್ಟೆಯುಬ್ಬರ, ಮಾತ್ರೆ ನುಂಗಿದರೂ ಏರದ ಹಿಮೋಗ್ಲೋಬಿನ್, ಮಕ್ಕಳಲ್ಲಿ ಕುಂಠಿತ ಬೆಳವಣಿಗೆ ಇದರ ಲಕ್ಷಣಗಳು. ಗೋಧಿಯೇ ಮುಖ್ಯ ಆಹಾರವಾದ ಉತ್ತರ ಭಾರತದಲ್ಲಿ ಈ ಕಾಯಿಲೆ ಹೆಚ್ಚು, ದಕ್ಷಿಣದಲ್ಲಿ ಕಡಿಮೆ. ಕಡಿಮೆಯೆಂಬ ಕಾರಣಕ್ಕೇ ಇಲ್ಲಿ ಅದು ಬೇಗ ಪತ್ತೆಯಾಗದೆ ಉಳಿಯುವುದೂ ಉಂಟು.

ಗೋಧಿಗೂ ಈ ಕಾಯಿಲೆಗೂ ಇರುವ ನಂಟನ್ನು ತೋರಿಸಿಕೊಟ್ಟವರು ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲೆಮ್ ಡಿಕೆ. ಎರಡನೇ ಮಹಾಯುದ್ಧದ ಕೊನೆಗೆ, 1944-45ರ ಚಳಿಗಾಲದಲ್ಲಿ ಆ ದೇಶದಲ್ಲಿ ಬ್ರೆಡ್ಡಿಗೇ ಬರ ಬಂದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು, ಬ್ರೆಡ್ಡು ಮರಳಿ ಬಂದಾಗ ಮತ್ತೆ ಹಾಸಿಗೆ ಹಿಡಿದರು. ಡಿಕೆಯವರಿಗೆ ಮೊದಲೇ ಇದ್ದ ಅನುಮಾನ ಅದರಿಂದ ಗಟ್ಟಿಯಾಯಿತು. ಇಂದಿಗೂ ಚಿಕಿತ್ಸೆ ಅದೊಂದೇ: ಜೀವಮಾನವಿಡೀ ಗ್ಲುಟೆನ್ ಬಿಡುವುದು.

ಅನುಮಾನ ಬಂದರೆ ಟಿಟಿಜಿ-ಐಜಿಎ ಎಂಬ ರಕ್ತಪರೀಕ್ಷೆ ಮಾಡುತ್ತಾರೆ. ಬೇಕೆನಿಸಿದರೆ ಎಂಡೋಸ್ಕೋಪಿ ಮಾಡಿ ಕರುಳಿನ ಚೂರು ತೆಗೆದು ನೋಡುತ್ತಾರೆ. ಪರೀಕ್ಷೆ ಮುಗಿಯುವವರೆಗೆ ಗೋಧಿ ಬಿಡಬಾರದು, ಬಿಟ್ಟರೆ ಕಾಯಿಲೆ ಇದ್ದರೂ ವರದಿಯಲ್ಲಿ ಕಾಣದೆ ಹೋಗಬಹುದು. ಗೋಧಿ ಅಲರ್ಜಿ ಇದಕ್ಕಿಂತ ಬೇರೆ, ಅದರ ಪಥ್ಯವೂ ಬೇರೆ. ಇವೆರಡೂ ಇಲ್ಲದವರು ತೂಕ ಇಳಿಯಲೆಂದು ಗ್ಲುಟೆನ್ ಬಿಡಬೇಕಾಗಿಲ್ಲ.

ರವೆ ಎಂದರೆ ಯಾವ ರವೆ?

ಚಪಾತಿ, ಪೂರಿ, ಬ್ರೆಡ್ಡು ಬಿಡುವುದು ಸುಲಭ. ಎಡವುವುದು ಸಣ್ಣಪುಟ್ಟ ಸಾಮಾನಿನಲ್ಲಿ. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಸತತವಾಗಿ ಹೊಟ್ಟೆಗೆ ಹೋದರೂ ಸೀಲಿಯಾಕ್ ರೋಗಿಯ ಕರುಳಿಗೆ ಪೆಟ್ಟು ಬೀಳಬಹುದು. ಸುಮಾರು ಅರ್ಧ ಗ್ರಾಂ ಗೋಧಿ ಹಿಟ್ಟಿನಲ್ಲಿ, ಅಂದರೆ ಒಂದು ಚಿಟಿಕೆಯಲ್ಲಿ, ಅಷ್ಟು ಗ್ಲುಟೆನ್ ಇರುತ್ತದೆ. ಅದಕ್ಕೇ ಅಂಗಡಿಯಲ್ಲಿ ಹೆಸರುಗಳನ್ನು ಸರಿಯಾಗಿ ತಿಳಿದಿರಬೇಕು.

ಗೋಧಿಯವು: ಬಾಂಬೆ ರವೆ, ಚಿರೋಟಿ ರವೆ, ಬನ್ಸಿ ರವೆ, ದಲಿಯಾ, ಮೈದಾ, ಪ್ಯಾಕೆಟ್ ಶ್ಯಾವಿಗೆ, ‘ಮಲ್ಟಿಗ್ರೇನ್’ ಆಟಾ. ಖಪ್ಲಿ, ಸದಕ ಎಂದು ಹೆಚ್ಚು ಬೆಲೆಗೆ ಮಾರುವ ಹಳೆಯ ತಳಿಗಳೂ ಗೋಧಿಯೇ. ‘ಇದರಲ್ಲಿ ಗ್ಲುಟೆನ್ ಕಡಿಮೆ, ತೊಂದರೆಯಿಲ್ಲ’ ಎಂಬ ಮಾತನ್ನು ಸೀಲಿಯಾಕ್ ಇರುವವರು ನಂಬಬಾರದು. ಬೇಸಿಗೆಯಲ್ಲಿ ತಂಪಿಗೆಂದು ಕುಡಿಯುವ ಬಾರ್ಲಿ ನೀರು, ಬಾರ್ಲಿ ಮಾಲ್ಟ್ ಹಾಕಿದ ಡಬ್ಬಿ ಪುಡಿಗಳು ಕೂಡ ನಿಷಿದ್ಧ.

ಗೋಧಿಯಲ್ಲದವು: ಇಡ್ಲಿ ರವೆ, ಅಕ್ಕಿ ತರಿ, ಜೋಳದ ರವೆ, ಗೋವಿನಜೋಳದ ರವೆ, ಸಬ್ಬಕ್ಕಿ. ಮನೆಯಲ್ಲೇ ರಾಗಿ ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿ ಮಾಲ್ಟ್‌ನಿಂದಲೂ ಭಯವಿಲ್ಲ.

ನಡುವೆ ನಿಂತು ಮೋಸಮಾಡುವವು: ರಾಗಿ ಬಿಸ್ಕತ್ತು, ರಾಗಿ ಶ್ಯಾವಿಗೆ, ‘ಸಿರಿಧಾನ್ಯ’ ನೂಡಲ್ಸ್. ಪ್ಯಾಕೆಟ್ಟಿನ ಮುಂದೆ ರಾಗಿತೆನೆಯ ಚಿತ್ರವಿದ್ದರೂ ಹಿಂದಿನ ಪದಾರ್ಥಪಟ್ಟಿಯಲ್ಲಿ ಮೈದಾ ಮೊದಲ ಸ್ಥಾನದಲ್ಲಿರುವುದುಂಟು. ಸೋಯಾ ಸಾಸ್‌ನಲ್ಲಿ ಸಾಮಾನ್ಯವಾಗಿ ಗೋಧಿಯಿರುತ್ತದೆ. ಓಟ್ಸ್‌ಗೆ ಹೊಲದಿಂದ ಕಾರ್ಖಾನೆಯವರೆಗೆ ಎಲ್ಲಿ ಬೇಕಾದರೂ ಗೋಧಿ ಬೆರೆಯಬಹುದು.

ಎಲ್ಲಕ್ಕಿಂತ ಹೆಚ್ಚು ಜನ ಮರೆಯುವುದು ಇಂಗನ್ನು. ಅಂಗಡಿಯ ಇಂಗಿನ ಪುಡಿ ಬರಿಯ ಇಂಗಲ್ಲ. ಅದನ್ನು ಹಿಟ್ಟಿನೊಂದಿಗೆ ಬೆರೆಸಿ ಮಾಡುತ್ತಾರೆ, ಆ ಹಿಟ್ಟು ಬಹುಪಾಲು ಮೈದಾ ಅಥವಾ ಗೋಧಿ. ಸಾಂಬಾರು ಪುಡಿ, ಬಿಸಿಬೇಳೆಬಾತ್ ಪುಡಿ, ಉಪ್ಪಿನಕಾಯಿ, ಹಪ್ಪಳಕ್ಕೂ ಅದೇ ಇಂಗು ಹೋಗಿರುತ್ತದೆ. ಅಕ್ಕಿಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ, ಡಬ್ಬಿ ತಿರುಗಿಸಿ ಓದಿ ಕೊಳ್ಳಬೇಕು. ಸಿಗದಿದ್ದರೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದರಾಯಿತು.

ಪ್ಯಾಕೆಟ್ ಆಹಾರದಲ್ಲಿ ಗ್ಲುಟೆನ್ ಇರುವ ಧಾನ್ಯ ಬಳಸಿದ್ದರೆ ಅದನ್ನು ಅಲರ್ಜಿ ಸೂಚನೆಯಲ್ಲಿ ಬರೆಯಬೇಕೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ. ‘ಗ್ಲುಟೆನ್ ಮುಕ್ತ’ ಎಂದು ಬರೆಯಬೇಕಾದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರುವಂತಿಲ್ಲ. ದುಬಾರಿ ಪ್ಯಾಕೆಟ್ಟಿಗೆ ದುಡ್ಡು ಕೊಡಲೇಬೇಕಾದಾಗ ಈ ಬರಹ ಇದೆಯೇ ನೋಡಿ. ಅಕ್ಕಿ, ಬೇಳೆ, ತರಕಾರಿ, ಮೊಟ್ಟೆ, ಹಾಲಿಗೆ ಅದೇ ಹಣೆಪಟ್ಟಿ ಅಂಟಿಸಿ ಹೆಚ್ಚು ಬೆಲೆ ಕೇಳಿದರೆ ಕೊಡಬೇಡಿ, ಅವುಗಳಲ್ಲಿ ಗ್ಲುಟೆನ್ ಎಂದೂ ಇರಲಿಲ್ಲ.

ಗಿರಣಿಯಲ್ಲಿ ಕಾಯುವ ಅಪಾಯ

ಒಳ್ಳೆಯ ರಾಗಿ ತಂದು ಕೇರಿ, ಕಲ್ಲು ಆರಿಸಿ, ಗಿರಣಿಗೆ ಕೊಟ್ಟಿರಿ. ಅದಕ್ಕೆ ಮುಂಚೆ ಅದೇ ಕಲ್ಲಿನಲ್ಲಿ ಯಾರದೋ ಹತ್ತು ಕಿಲೋ ಗೋಧಿ ಬೀಸಿದ್ದರೆ ನಿಮ್ಮ ಡಬ್ಬಿಗೆ ಬರುವ ರಾಗಿಹಿಟ್ಟು ಗ್ಲುಟೆನ್ ಮುಕ್ತವಲ್ಲ. ಅಂಗಡಿಯ ಬಿಡಿ ರಾಗಿಹಿಟ್ಟು, ಅಕ್ಕಿಹಿಟ್ಟು, ಕಡಲೆಹಿಟ್ಟಿಗೂ ಇದೇ ತೊಂದರೆ.

ಇದಕ್ಕೆ ಮೂರು ದಾರಿಗಳಿವೆ. ಹಳೇ ಮೈಸೂರು, ಬೆಂಗಳೂರು ಕಡೆ ರಾಗಿಗೆಂದೇ ಬೇರೆ ಕಲ್ಲಿಟ್ಟ ಗಿರಣಿಗಳಿವೆ, ಉತ್ತರ ಕರ್ನಾಟಕದಲ್ಲಿ ಜೋಳಕ್ಕೆ ಹಾಗೆ ಇಡುವವರಿದ್ದಾರೆ. ವಿಚಾರಿಸಿದರೆ ಸಿಗುತ್ತವೆ. ಹತ್ತಿರದಲ್ಲಿ ಇಲ್ಲದಿದ್ದರೆ ನಾಲ್ಕಾರು ಕಿಲೋ ಧಾನ್ಯ ಮಾತ್ರ ಬೀಸುವ ಮನೆಗಿರಣಿಯನ್ನು ಎರಡು ಮೂರು ಮನೆಯವರು ಸೇರಿ ಕೊಂಡು ಹಂಚಿಕೊಳ್ಳಬಹುದು, ಅದಕ್ಕೆ ಗೋಧಿ ಹಾಕಕೂಡದು ಅಷ್ಟೆ. ಮೂರನೆಯದು ಹಿಟ್ಟನ್ನೇ ಕಡಿಮೆ ಮಾಡುವುದು. ಇಡ್ಲಿ, ದೋಸೆ, ನೀರ್‌ದೋಸೆ, ಪಡ್ಡು, ಪುಂಡಿ ಎಲ್ಲದಕ್ಕೂ ಇಡಿ ಧಾನ್ಯ ತೊಳೆದು ನೆನೆಸಿ ಮನೆಯಲ್ಲೇ ರುಬ್ಬುತ್ತೇವೆ, ಗಿರಣಿಯ ಮಾತೇ ಬರುವುದಿಲ್ಲ. ರಾಗಿಯನ್ನೂ ಉದ್ದಿನೊಂದಿಗೆ ನೆನೆಸಿ ದೋಸೆಗೆ ರುಬ್ಬಬಹುದು. ಸಜ್ಜೆಹಿಟ್ಟು ಬೇಗ ಕಮಟುವುದರಿಂದ ಸ್ವಲ್ಪ ಸ್ವಲ್ಪವೇ ಬೀಸಿಸಿಕೊಳ್ಳಬೇಕು.

ಮನೆಯೊಳಗೂ ಎಚ್ಚರ ಬೇಕು. ಚಪಾತಿ ಲಟ್ಟಿಸುವ ಮಣೆ, ಮರದ ಸೌಟು, ಗೋಧಿಹಿಟ್ಟಿನ ಜರಡಿ ಎಷ್ಟು ತೊಳೆದರೂ ಸಂದಿಯಲ್ಲಿ ಹಿಟ್ಟು ಉಳಿಯುತ್ತದೆ. ಈ ಮೂರನ್ನು ಹೊಸದಾಗಿ ಕೊಳ್ಳುವುದು ಒಮ್ಮೆ ಮಾಡಲೇಬೇಕಾದ ಖರ್ಚು. ಸ್ಟೀಲ್ ಪಾತ್ರೆ ಚೆನ್ನಾಗಿ ತಿಕ್ಕಿದರೆ ಸಾಕು. ಮೈದಾ ಬೋಂಡಾ ಕರಿದ ಎಣ್ಣೆಯಲ್ಲಿ ಮತ್ತೇನನ್ನೂ ಕರಿಯಬೇಡಿ.

ತಿಂಗಳ ಸಾಮಾನಿನ ಲೆಕ್ಕ

ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿ ದಿನಕ್ಕೆ 2,000 ಕ್ಯಾಲೊರಿಯ ಊಟಕ್ಕೆ ಒಂದು ಅಳತೆ ಕೊಟ್ಟಿದೆ. ಅದನ್ನು 30 ದಿನಕ್ಕೆ ಗುಣಿಸಿದರೆ ಒಬ್ಬರ ತಿಂಗಳ ಚೀಟಿ ಹೀಗಾಗುತ್ತದೆ:

- ಧಾನ್ಯ: 7.5 ಕಿಲೋ
- ಬೇಳೆ, ಕಾಳು: ಸುಮಾರು 2.5 ಕಿಲೋ
- ಸೊಪ್ಪು, ತರಕಾರಿ: 12 ಕಿಲೋ
- ಹಣ್ಣು: 3 ಕಿಲೋ
- ಶೇಂಗಾ, ಎಳ್ಳು ಮುಂತಾದ ಬೀಜಗಳು: 1 ಕಿಲೋ
- ಎಣ್ಣೆ: ಸುಮಾರು 800 ಗ್ರಾಂ
- ಹಾಲು ಅಥವಾ ಮೊಸರು: 9 ಲೀಟರ್

ಮೈಮುರಿದು ದುಡಿಯುವವರಿಗೆ ಹೆಚ್ಚು ಬೇಕು, ಚಿಕ್ಕ ಮಕ್ಕಳಿಗೆ ಕಡಿಮೆ. ಈ ಪಟ್ಟಿಯಲ್ಲಿ ಗೋಧಿ ಬಿಟ್ಟರೆ ಬದಲಾಗುವುದು ಮೊದಲ ಸಾಲು ಮಾತ್ರ. ಉಳಿದ ಆರು ಸಾಲು ಎಲ್ಲರ ಮನೆಯ ಚೀಟಿಯಂತೆಯೇ ಇರುತ್ತವೆ.

ಮೊದಲ ಸಾಲಿನ ಖರ್ಚು ನೋಡೋಣ. ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿ ಆದ್ಯತಾ ಪಡಿತರ ಚೀಟಿಯ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕಿಲೋ ಧಾನ್ಯದ ಹಕ್ಕಿದೆ, ರಾಜ್ಯ ಸರ್ಕಾರ ಅದರ ಮೇಲೆ ಕೊಡುವುದು ಬೇರೆ. ನಮ್ಮಲ್ಲಿ ಅಕ್ಕಿಯ ಜೊತೆಗೆ ದಕ್ಷಿಣದ ಜಿಲ್ಲೆಗಳಲ್ಲಿ ರಾಗಿ, ಉತ್ತರದಲ್ಲಿ ಜೋಳ ಕೊಡುವ ಕ್ರಮವೂ ಇದೆ. ಕೊಂಡರೂ ಇವು ದುಬಾರಿಯಲ್ಲ. 2025-26ರ ಹಂಗಾಮಿಗೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್ ರಾಗಿಗೆ 4,886 ರೂಪಾಯಿ, ಹೈಬ್ರಿಡ್ ಜೋಳಕ್ಕೆ 3,699, ಸಜ್ಜೆಗೆ 2,775. ಕಿಲೋ ಲೆಕ್ಕದಲ್ಲಿ 49, 37, 28 ರೂಪಾಯಿಯ ಆಸುಪಾಸು. ಅಂಗಡಿಯವರು ಸಾಗಣೆ, ಲಾಭ ಸೇರಿಸಿ ಹೇಳುವ ದರ ನ್ಯಾಯವೋ ಅಲ್ಲವೋ ಎಂದು ತೂಗಿ ನೋಡಲು ಈ ಅಂಕಿ ನೆನಪಿರಲಿ. ಪಡಿತರದ 5 ಕಿಲೋ ಅಕ್ಕಿ ಇದ್ದರೆ ಒಬ್ಬರಿಗೆ ಉಳಿದ ಎರಡೂವರೆ ಕಿಲೋ ರಾಗಿಗೆ, ಕಿಲೋಗೆ 60 ರೂಪಾಯಿ ಹಿಡಿದರೂ, 150 ರೂಪಾಯಿ ಸಾಕು. ಅನುಕೂಲವಿದ್ದವರು ಅಕ್ಕಿ ಅರ್ಧ, ರಾಗಿ-ಜೋಳ ಅರ್ಧ ಮಾಡಿಕೊಳ್ಳುವುದು ಇನ್ನೂ ಒಳ್ಳೆಯದು.

ಪಡಿತರ ಅಕ್ಕಿಯ ಬಗ್ಗೆ ಎರಡು ಮಾತು. ಗೋಣಿಯಲ್ಲಿ ಗೋಧಿ ಕಾಳು ಬೆರೆತಿರಬಹುದು, ಮೊರದಲ್ಲಿ ಕೇರಿ ಆರಿಸಿ, ತೊಳೆದು ಬಳಸಿ. ಆದರೆ ಬಣ್ಣ ಬೇರೆಯಾಗಿ ಕಾಣುವ ಕೆಲವು ಕಾಳುಗಳನ್ನು ‘ಪ್ಲಾಸ್ಟಿಕ್ ಅಕ್ಕಿ’ ಎಂದು ಆರಿಸಿ ಎಸೆಯಬೇಡಿ. ಅವು ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಅಕ್ಕಿಹಿಟ್ಟಿನಿಂದಲೇ ಮಾಡಿದ ಸಾರವರ್ಧಿತ ಕಾಳುಗಳು. ಸೀಲಿಯಾಕ್ ಇರುವವರಿಗೆ ಸಾಮಾನ್ಯವಾಗಿ ಕೊರತೆಯಾಗುವ ಸತ್ವಗಳಲ್ಲಿ ಈ ಮೂರೂ ಇವೆ.

ಸಾಮೆ, ನವಣೆ, ಊದಲು, ಹಾರಕ, ಕೊರಲೆ ಬಹಳ ಒಳ್ಳೆಯ ಧಾನ್ಯಗಳು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ಅವುಗಳ ಹೆಸರು ಎಲ್ಲರ ಬಾಯಲ್ಲಿದೆ. ಊರ ರೈತರಿಂದ ಸೋವಿಗೆ ಸಿಕ್ಕರೆ ಕೊಳ್ಳಿ. ಪೇಟೆಯ ಮಳಿಗೆಯಲ್ಲಿ ರಾಗಿಗಿಂತ ದುಪ್ಪಟ್ಟು ಕೊಟ್ಟು ತರಬೇಕಾದರೆ ಬೇಡ, ರಾಗಿ, ಜೋಳ, ಸಜ್ಜೆಯೂ ಅದೇ ಬಳಗದವು.

ಬರಿಯ ಅನ್ನದಿಂದ ಆರೋಗ್ಯ ಬಾರದು

ಗ್ಲುಟೆನ್ ಬಿಟ್ಟ ಮಾತ್ರಕ್ಕೆ ಊಟ ಆರೋಗ್ಯಕರವಾಗುವುದಿಲ್ಲ. ಗೋಧಿ ಬಿಟ್ಟು ಮೂರು ಹೊತ್ತೂ ಬಿಳಿ ಅನ್ನ, ನಡುವೆ ಹಪ್ಪಳ, ಚಿಪ್ಸು, ಸಬ್ಬಕ್ಕಿ ತಿಂದರೆ ನಾರಿನಂಶ ಇಳಿದು ಮಲಬದ್ಧತೆ, ತೂಕ, ಸಕ್ಕರೆ ಎಲ್ಲ ಏರುತ್ತವೆ. ಸೀಲಿಯಾಕ್‌ನಲ್ಲಿ ಕರುಳು ಮೊದಲೇ ಸೋತಿರುವುದರಿಂದ ಕಬ್ಬಿಣ, ಕ್ಯಾಲ್ಸಿಯಂ, ಫೋಲೇಟ್, ಬಿ12, ಡಿ ಜೀವಸತ್ವಗಳ ಕಡೆ ಹೆಚ್ಚು ಗಮನ ಬೇಕು.

ಕ್ಯಾಲ್ಸಿಯಂಗೆ ರಾಗಿಯಷ್ಟು ಅಗ್ಗದ ಮೂಲ ಇನ್ನೊಂದು ಸಿಗುವುದು ಕಷ್ಟ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ಅಷ್ಟೇ ತೂಕದ ಹಾಲಿನಲ್ಲಿರುವುದು ಅದರ ಮೂರನೇ ಒಂದು ಭಾಗ. ಮೊಳಕೆ ಕಟ್ಟಿದರೆ ರಾಗಿಯ ಖನಿಜಗಳು ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತವೆ.

ಪ್ರೋಟೀನಿಗೆ ತೊಗರಿಬೇಳೆಯೊಂದನ್ನೇ ನೆಚ್ಚಬೇಡಿ. ಅದರ ದರ ಏರಿದಾಗ ಹುರುಳಿ, ಅಲಸಂದೆ, ಹೆಸರುಕಾಳು, ಕಡಲೆಕಾಳು ಕೈಹಿಡಿಯುತ್ತವೆ. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನಿದೆ, ಕಬ್ಬಿಣವೂ ಧಾರಾಳ. ಹುರುಳಿ ಬೇಯಿಸಿದ ಕಟ್ಟು ಸಾರಿಗೆ, ಕಾಳು ಪಲ್ಯಕ್ಕೆ ಎಂದು ಒಂದೇ ಒಲೆಯಲ್ಲಿ ಎರಡು ಅಡುಗೆ ಮುಗಿಯುತ್ತದೆ. ಮೊಟ್ಟೆ ತಿನ್ನುವವರಿಗೆ ಬಿ12 ಸುಲಭ, ತಿನ್ನದವರಿಗೆ ಹಾಲು, ಮೊಸರು. ಕರಾವಳಿಯವರಿಗೆ ಹಂಗಾಮಿನಲ್ಲಿ ಅಗ್ಗವಾಗುವ ಬೂತಾಯಿ, ಬಂಗುಡೆ ಪ್ರೋಟೀನಿನ ಜೊತೆ ಡಿ ಜೀವಸತ್ವವನ್ನೂ ಕೊಡುತ್ತವೆ.

ಸೊಪ್ಪಿಗೆ ಪೇಟೆಯ ಪಾಲಕ್ಕೇ ಆಗಬೇಕೆಂದಿಲ್ಲ. ಹಿತ್ತಲ ನುಗ್ಗೆ, ದಂಟು, ಹರಿವೆ, ಹೊಲದ ಬದುವಿನ ಬೆರಕೆ ಸೊಪ್ಪು ಕಾಸಿಲ್ಲದೆಯೂ ಸಿಗುತ್ತವೆ. ಸೊಪ್ಪಿನ ಪಲ್ಯಕ್ಕೆ, ಉಪ್ಸಾರಿಗೆ ನಿಂಬೆರಸ ಹಿಂಡಿದರೆ ಕಬ್ಬಿಣ ಚೆನ್ನಾಗಿ ಹೀರಲ್ಪಡುತ್ತದೆ. ಊಟದ ಬೆನ್ನಿಗೇ ಕಾಫಿ, ಟೀ ಕುಡಿದರೆ ಆ ಲಾಭ ಕಡಿಮೆಯಾಗುತ್ತದೆ. ಶೇಂಗಾ, ಗುರೆಳ್ಳು, ಅಗಸೆ ಚಟ್ನಿಪುಡಿ ಡಬ್ಬಿಯಲ್ಲಿದ್ದರೆ ಬೀಜಗಳ ಸಾಲೂ ಭರ್ತಿಯಾದಂತೆ.

ಒಂದು ವಾರದ ಅಡುಗೆ

- ಸೋಮವಾರ: ಇಡ್ಲಿ, ಚಟ್ನಿ; ಮುದ್ದೆ, ಹುರುಳಿಕಟ್ಟಿನ ಸಾರು; ರಾತ್ರಿ ಅನ್ನ, ಹುರುಳಿ ಪಲ್ಯ, ಮಜ್ಜಿಗೆ.
- ಮಂಗಳವಾರ: ಉಳಿದ ಇಡ್ಲಿ ಹಿಟ್ಟಿನ ಪಡ್ಡು; ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿಪುಡಿ; ಅನ್ನ, ಸೊಪ್ಪಿನ ತೊವ್ವೆ.
- ಬುಧವಾರ: ಅಕ್ಕಿತರಿ ಉಪ್ಪಿಟ್ಟು, ತರಕಾರಿ ಹೆಚ್ಚಾಗಿ; ಅನ್ನ, ಬಸ್ಸಾರು, ಪಲ್ಯ; ರಾಗಿ ರೊಟ್ಟಿ, ಮೊಸರು.
- ಗುರುವಾರ: ಒಗ್ಗರಣೆ ಅವಲಕ್ಕಿ, ಮೇಲೆ ಶೇಂಗಾ; ಮುದ್ದೆ, ಮೊಳಕೆಕಾಳಿನ ಸಾರು; ಅನ್ನ, ಮೊಟ್ಟೆ ಪಲ್ಯ ಅಥವಾ ಹೆಸರುಬೇಳೆ ಕೋಸಂಬರಿ.
- ಶುಕ್ರವಾರ: ನೀರ್‌ದೋಸೆ; ಜೋಳದ ರೊಟ್ಟಿ, ಝುಣಕ; ಬಿಸಿಬೇಳೆಬಾತ್, ಪುಡಿ ಮನೆಯದೇ.
- ಶನಿವಾರ: ಅಕ್ಕಿ ರೊಟ್ಟಿಗೆ ನುಗ್ಗೆಸೊಪ್ಪು ಕಲಸಿ; ಅನ್ನ, ಅಲಸಂದೆ ಹುಳಿ; ಸಜ್ಜೆ ರೊಟ್ಟಿ, ಬದನೆ ಪಲ್ಯ.
- ಭಾನುವಾರ: ರಾಗಿ ದೋಸೆ; ಮೀನು ಅಥವಾ ಕೋಳಿ ಸಾರು, ಇಲ್ಲವೇ ಕಡಲೆಕಾಳು ಗಸಿ; ರಾತ್ರಿ ಹೆಸರುಬೇಳೆ ಪೊಂಗಲ್.

ಝುಣಕಕ್ಕೆ ಕಡಲೆಹಿಟ್ಟು ಬೇಕು. ಕಡಲೆಬೇಳೆ ಹುರಿದು ಮಿಕ್ಸಿಯಲ್ಲಿ ಪುಡಿಮಾಡಿ ಜರಡಿ ಹಿಡಿದರೆ ಮನೆಯಲ್ಲೇ ಆಗುತ್ತದೆ. ಹೊಸದಾಗಿ ರೊಟ್ಟಿ ಬಡಿಯುವವರು ಕುದಿಯುವ ಎಸರು ಹಾಕಿ ಹಿಟ್ಟು ಕಲಸಬೇಕು. ಗ್ಲುಟೆನ್ ಇಲ್ಲದ ಹಿಟ್ಟಿನಲ್ಲಿ ಅಂಟು ಬರುವುದು ಬಿಸಿನೀರಿಗೆ ಪಿಷ್ಟ ಬೆಂದಾಗಲೇ. ಅಕ್ಕಿ, ರಾಗಿ ರೊಟ್ಟಿಗೆ ಸ್ವಲ್ಪ ಅನ್ನ ಮಸೆದು ಹಾಕಿದರೆ ಮೆತ್ತಗಿರುತ್ತದೆ. ಬಡಿಯಲು ಪುರಸೊತ್ತಿಲ್ಲದವರಿಗೆ ತಿಂಗಳುಗಟ್ಟಲೆ ಕೆಡದ ಖಡಕ್ ಜೋಳದ ರೊಟ್ಟಿಯಿದೆ. ಅದಕ್ಕೆ ಗೋಧಿಹಿಟ್ಟು ಬೆರೆಸಿಲ್ಲ, ಉದುರಿಸಿಲ್ಲ ಎಂದು ಖಾತ್ರಿ ಮಾಡಿಕೊಂಡು ಕೊಂಡರೆ ಪ್ರಯಾಣಕ್ಕೂ ಅದೇ ಬುತ್ತಿ.

ಹಬ್ಬ, ಹೋಟೆಲು, ಶಾಲೆ

ಹಬ್ಬದಲ್ಲಿ ಹೋಳಿಗೆಯ ಕಣಕ, ಮಾದಲಿ, ಗೋಧಿ ಹುಗ್ಗಿ, ಕೇಸರಿಬಾತ್, ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯ ಇವೆಲ್ಲ ದೂರ. ಹೋಳಿಗೆಯ ಹೂರಣವನ್ನೇ ಅಕ್ಕಿಹಿಟ್ಟಿನ ಕಣಕದಲ್ಲಿ ತುಂಬಿ ಹಬೆಯಲ್ಲಿ ಬೇಯಿಸಿದರೆ ಕಡುಬಾಗುತ್ತದೆ. ಕಜ್ಜಾಯ, ಅಕ್ಕಿ ತಂಬಿಟ್ಟು, ಎಳ್ಳುಬೆಲ್ಲ, ಜೋಳದ ಅರಳಿಟ್ಟು, ಅಕ್ಕಿ-ಉದ್ದಿನ ಚಕ್ಕುಲಿಯಲ್ಲಿ ಗೋಧಿಯಿಲ್ಲ. ಕೋಡುಬಳೆ, ನಿಪ್ಪಟ್ಟಿಗೆ ರವೆ, ಮೈದಾ ಸೇರಿಸುವ ರೂಢಿ ಇರುವುದರಿಂದ ಕೇಳಿ ತಿನ್ನಬೇಕು.

ಹೋಟೆಲಿನಲ್ಲಿ ಇಡ್ಲಿ, ಚಟ್ನಿ ಹೆಚ್ಚು ಕ್ಷೇಮ. ದೋಸೆ ಗರಿಗರಿಯಾಗಲೆಂದು ರವೆ ಹಾಕುವವರಿದ್ದಾರೆ, ರವೆ ದೋಸೆ ಹೊಯ್ದ ಕಾವಲಿಯಲ್ಲೇ ಮಸಾಲೆ ದೋಸೆಯೂ ಬೇಯುತ್ತದೆ. ಸಾಂಬಾರಿನಲ್ಲಿ ಇಂಗಿರುತ್ತದೆ. ಮದ್ದೂರು ವಡೆಯಲ್ಲಿ ರವೆ, ಮೈದಾ ಇದ್ದೇ ಇರುತ್ತವೆ. ಇಡ್ಲಿ ಎಂದಾಗ ಕೂಡ ರವೆ ಇಡ್ಲಿಯಲ್ಲ ತಾನೇ ಎಂದು ಕೇಳಿ. ಎರಡನೇ ಮಹಾಯುದ್ಧದ ಅಕ್ಕಿ ಅಭಾವದಲ್ಲಿ ಅದನ್ನು ಕಂಡುಹಿಡಿದದ್ದು ತಾವೇ ಎಂದು ಬೆಂಗಳೂರಿನ ಎಂಟಿಆರ್ ಹೇಳಿಕೊಳ್ಳುತ್ತದೆ. ಅಕ್ಕಿಗೆ ಬದಲಾಗಿ ಗೋಧಿರವೆ ಹಾಕಿ ಮಾಡಿದ ಆ ತಿಂಡಿ ನಿಮಗಲ್ಲ.

ಶಾಲೆಯ ಬಿಸಿಯೂಟದಲ್ಲಿ ಸಾಮಾನ್ಯವಾಗಿ ಅನ್ನ, ಸಾಂಬಾರು ಇರುತ್ತದೆ. ಇಂಗು ಹಾಕುತ್ತಾರೆಯೇ, ಗೋಧಿ ಪಾಯಸವೋ ಉಪ್ಪಿಟ್ಟೋ ಮಾಡುವ ದಿನ ಯಾವುದು ಎಂದು ಅಡುಗೆಯವರನ್ನು ಕೇಳಿ, ವೈದ್ಯರ ಚೀಟಿಯ ಪ್ರತಿಯನ್ನು ಶಿಕ್ಷಕರಿಗೆ ಕೊಡಿ. ಗೆಳೆಯರ ಬಿಸ್ಕತ್ತನ್ನು ಏಕೆ ತಿನ್ನಬಾರದೆಂದು ಮಗುವಿಗೂ ತಿಳಿಯುವ ಹಾಗೆ ಹೇಳಿ, ಬ್ಯಾಗಿನಲ್ಲಿ ಶೇಂಗಾ ಚಿಕ್ಕಿಯೋ ಮಂಡಕ್ಕಿ ಉಂಡೆಯೋ ಇಟ್ಟು ಕಳಿಸಿ.

ಮನೆಗೆಲ್ಲ ಒಂದೇ ಅಡುಗೆ

ಕೊನೆಯದಾಗಿ, ಎಲ್ಲಕ್ಕಿಂತ ಹೆಚ್ಚು ಉಳಿತಾಯ ಮಾಡುವ ನಿರ್ಧಾರ. ರೋಗಿಗೊಂದು ಅಡುಗೆ, ಉಳಿದವರಿಗೊಂದು ಎಂದಾದರೆ ಗ್ಯಾಸು, ಸಮಯ, ಪಾತ್ರೆ ಎಲ್ಲ ಎರಡರಷ್ಟು. ಆ ಕೆಲಸ ಬಹುಪಾಲು ಮನೆಯ ಹೆಂಗಸರ ಮೇಲೇ ಬೀಳುತ್ತದೆ. ರೋಗಿ ಹೆಂಗಸೇ ಆಗಿದ್ದರಂತೂ ‘ನನಗೊಬ್ಬಳಿಗೆ ಏನು ಬೇರೆ ಮಾಡುವುದು’ ಎಂದು ಪಥ್ಯವನ್ನೇ ಕೈಬಿಡುತ್ತಾಳೆ. ಮನೆಮಂದಿಯೆಲ್ಲ ಮುದ್ದೆ, ರೊಟ್ಟಿ, ಅನ್ನವನ್ನೇ ಉಂಡು, ಚಪಾತಿ ಬ್ರೆಡ್ಡಿನ ಆಸೆಯನ್ನು ಹೊರಗೆ ತೀರಿಸಿಕೊಂಡರೆ ಅಡುಗೆಮನೆಯಲ್ಲಿ ಗೋಧಿಯ ಧೂಳೇ ಇರುವುದಿಲ್ಲ, ಬೇರೆ ಮಣೆ, ಬೇರೆ ಜರಡಿಯ ಜಂಜಾಟವೂ ಇರುವುದಿಲ್ಲ.

ಪಥ್ಯ ಶುರುವಾಗಿ ಆರು ತಿಂಗಳಾದಾಗ ಒಮ್ಮೆ, ಆಮೇಲೆ ವೈದ್ಯರು ಹೇಳಿದ ಹಾಗೆ, ಟಿಟಿಜಿ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಟಿಟಿಜಿ ಇಳಿಯದಿದ್ದರೆ ಇಂಗಿನ ಡಬ್ಬಿಯಲ್ಲೋ ಗಿರಣಿಯಲ್ಲೋ ಎಲ್ಲೋ ಗೋಧಿ ಸೇರುತ್ತಿರಬಹುದು, ಮೊದಲು ಅದನ್ನು ಹುಡುಕಿ. ಈ ಕಾಯಿಲೆ ರಕ್ತಸಂಬಂಧಿಗಳಲ್ಲಿ ಹೆಚ್ಚಾಗಿ ಕಂಡುಬರುವುದರಿಂದ ತಂದೆತಾಯಿ, ಒಡಹುಟ್ಟಿದವರು, ಮಕ್ಕಳಿಗೂ ಒಮ್ಮೆ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು. ಸೂಪರ್‌ಮಾರ್ಕೆಟ್ಟಿನ ಆ ಕಪಾಟಿನಲ್ಲಿ ಉಳಿಸಿದ ದುಡ್ಡಿಗೆ ಇದಕ್ಕಿಂತ ಒಳ್ಳೆಯ ಖರ್ಚಿಲ್ಲ.